ಲಿಲಾವಿನ ಕಟ್ಟೆಯ ಮೇಲೆ ಹಳೆಯ ವಸ್ತುಗಳು

ಮೈಸೂರಿನ ಕಡೆಯವರು ಹರಾಜು ಎಂದು ಕರೆಯುವ ವ್ಯವಹಾರಕ್ಕೆ ಬಾಗಲಕೋಟೆ, ಬಾದಾಮಿ, ಹುನಗುಂದಗಳ ಕಡೆಯವರು ಲಿಲಾವು ಎನ್ನುತ್ತಾರೆ. ಮೊದಲನೆಯ ಮಾತು ಅರಬ್ಬೀ ಮೂಲದ್ದು; ಎರಡನೆಯದು ಪೋರ್ತುಗೀಸರಿಂದ ಬಂದುದು. ಹೆಸರುಗಳೆರಡೂ ಹೊರಗಿನವಾದರೂ ವ್ಯವಹಾರವೇನೋ ನಮಗೆ ಹೊಸದಲ್ಲ. ನಮ್ಮ ಹಳ್ಳಿಗಳ ಜಾತ್ರೆಗಳಲ್ಲಿ ದೇವರ ಮುಂದಿಟ್ಟ ಕಾಯಿಯನ್ನೋ ತೇರಿನ ಪತಾಕೆಯನ್ನೋ ಸವಾಲಿಗೆ ಇಡುವುದುಂಟು. ಒಬ್ಬನು ಸಾವಿರವೆಂದರೆ ಇನ್ನೊಬ್ಬನು ಎರಡು ಸಾವಿರವೆನ್ನುತ್ತಾನೆ. ಕೂಗುವವನು ಒಂದು ಸಾರಿ, ಎರಡು ಸಾರಿ ಎಂದು ತಡೆತಡೆದು ಕೂಗಿ, ಮೂರನೆಯ ಸಾರಿಗೆ ಮುಗಿಸುತ್ತಾನೆ. ಕೆಲವು ವರ್ಷಗಳ ಕೆಳಗೆ ಜಮಖಂಡಿ ತಾಲ್ಲೂಕಿನ ಚಿಕ್ಕಲಕಿ ಗ್ರಾಮದಲ್ಲಿ ಮಾಳಿಂಗರಾಯನ ಗದ್ದುಗೆಯ ಮೇಲಿದ್ದ ಒಂದು ತೆಂಗಿನಕಾಯಿ 6 ಲಕ್ಷ 50 ಸಾವಿರ ರೂಪಾಯಿಗೆ ಹೋಯಿತು. ವೃತ್ತಪತ್ರಿಕೆಗಳು ಇದನ್ನು ವಿಚಿತ್ರವೆಂಬಂತೆ ಅಚ್ಚುಹಾಕಿದವು. ನನಗೆ ಅದು ಅಷ್ಟು ವಿಚಿತ್ರವಾಗಿ ತೋರಲಿಲ್ಲ. ಕಾಯಿಯು ಸಂತೆಯಲ್ಲಿ ದೊರೆಯುವ ಕಾಯಿಯೇ. ಕೊಂಡವನು ಹಣ ಕೊಟ್ಟುದು ಯಾವ ಗದ್ದುಗೆಯ ಮೇಲಿತ್ತು, ಯಾವ ದಿನ ಇತ್ತು ಎಂಬುದಕ್ಕೆ. ಅದರ ಬೆಲೆಯೆಲ್ಲವೂ ಅದು ಕುಳಿತಿದ್ದ ಸ್ಥಳದಲ್ಲಿಯೇ ಇದ್ದಿತು. ಆ ಸ್ಥಳದ ನೆನಪನ್ನು ಕಳೆದುಬಿಟ್ಟರೆ ಮರುದಿನ ಅದು ಚಟ್ನಿಗೆ ಸಲ್ಲುವ ಪದಾರ್ಥ.

ಇಂದು ನಾನು ಹೇಳಹೊರಟಿರುವುದು ಇದಕ್ಕೆ ನೇರ ವಿರುದ್ಧವಾಗಿ ನಡೆಯುವ ಇನ್ನೊಂದು ಬಗೆಯ ಲಿಲಾವಿನ ವಿಷಯ. ಲಂಡನ್, ನ್ಯೂಯಾರ್ಕ್, ಹಾಂಗ್‌ಕಾಂಗ್ ನಗರಗಳಲ್ಲಿಯೂ, ಸಣ್ಣ ಪ್ರಮಾಣದಲ್ಲಿ ನಮ್ಮ ಮುಂಬಯಿ, ಬೆಂಗಳೂರುಗಳಲ್ಲಿಯೂ ಪ್ರಾಚೀನ ವಸ್ತುಗಳ ಲಿಲಾವು ಕ್ರಮವಾಗಿ ನಡೆಯುತ್ತದೆ. ಶಿಲಾವಿಗ್ರಹ, ಕಂಚಿನ ಮೂರ್ತಿ, ನಾಣ್ಯ, ಕತ್ತಿ, ತಾಳೆಯೋಲೆ, ಜರತಾರಿ ಸೀರೆ, ಕೆತ್ತಿದ ಬಾಗಿಲು ಇವೆಲ್ಲವೂ ಅಲ್ಲಿಗೆ ಬರುತ್ತವೆ. ಇಂಥ ವಸ್ತುಗಳಲ್ಲಿ ಬಹುಪಾಲು ಅಲ್ಲಿಗೆ ತಲಪುವ ಹೊತ್ತಿಗೆ ತಮ್ಮ ಸ್ಥಳದ ನೆನಪನ್ನು ಕಳೆದುಕೊಂಡಿರುತ್ತವೆ. ಹಾಗೆ ಕಳೆಯುವುದು ಎಷ್ಟೋ ಸಲ ಅಕಸ್ಮಾತ್ತಾಗಿ ಆದುದೂ ಅಲ್ಲ.

ಮೊದಲು ಅಲ್ಲಿಯ ಕ್ರಮವನ್ನು ಎರಡು ಮಾತಿನಲ್ಲಿ ತಿಳಿಸುತ್ತೇನೆ. ಮಾರುವವನು ವಸ್ತುವನ್ನು ಒಪ್ಪಿಸುತ್ತಾನೆ. ಸಂಸ್ಥೆಯವರು ಅದಕ್ಕೊಂದು ಸಂಖ್ಯೆ ಕೊಟ್ಟು, ಭಾವಚಿತ್ರದೊಡನೆ ಪಟ್ಟಿಯಲ್ಲಿ ಅಚ್ಚುಹಾಕಿ, ಇಷ್ಟರಿಂದ ಇಷ್ಟರವರೆಗೆ ಬಂದೀತೆಂದು ಅಂದಾಜನ್ನು ಕಾಣಿಸುತ್ತಾರೆ. ಇದಕ್ಕಿಂತ ಕಡಿಮೆಗೆ ಕೊಡಕೂಡದೆಂಬ ಒಂದು ಮಿತಿಯು ಗುಟ್ಟಾಗಿರುತ್ತದೆ. ಸುತ್ತಿಗೆ ಬಿದ್ದ ಮೇಲೆ ಕೊಂಡವನು ಕೂಗಿದ ಬೆಲೆಯ ಮೇಲೆ ಸಂಸ್ಥೆಯ ಹಕ್ಕಿನ ಹಣವನ್ನೂ ಸೇರಿಸಿ ತೆರಬೇಕು. ಪಟ್ಟಿಯಲ್ಲಿ ವಸ್ತುವಿನ ಕೆಳಗೆ ಅದು ಯಾರ ಕೈಯಿಂದ ಯಾರ ಕೈಗೆ ಬಂದಿತೆಂಬ ಪರಂಪರೆಯನ್ನು ಬರೆದಿರುತ್ತಾರೆ. ಬೆಲೆಯನ್ನು ಏರಿಸುವುದೂ ಇಳಿಸುವುದೂ ಈ ನಾಲ್ಕಾರು ಸಾಲುಗಳೇ ಎಂದರೂ ಸಲ್ಲುತ್ತದೆ.

ಇದಕ್ಕೆ ಕನ್ನಡನಾಡಿನಿಂದಲೇ ಹೋದ ಒಂದು ವಸ್ತುವನ್ನು ಉದಾಹರಿಸಬಹುದು. ಬಾದಾಮಿಯ ಕೋಟೆಯು 1786ರವರೆಗೆ ಟೀಪೂ ಸುಲ್ತಾನನ ಕೈಯಲ್ಲಿದ್ದು, ಆ ವರ್ಷ ಮರಾಠರ ಮತ್ತು ನಿಜಾಮನ ಸೇನೆಗಳಿಗೆ ವಶವಾಯಿತೆಂಬುದು ನಮ್ಮ ಕಡೆ ಎಲ್ಲರೂ ಬಲ್ಲ ಸಂಗತಿ. ಹದಿಮೂರು ವರ್ಷಗಳ ತರುವಾಯ, 1799ರ ಮೇ 4ರಂದು, ಶ್ರೀರಂಗಪಟ್ಟಣವೇ ಬಿದ್ದಿತು. ಆಗ ಅರಮನೆಯ ಒಡವೆಗಳನ್ನು ಹಂಚುವುದಕ್ಕೆ ಗೆದ್ದ ಸೇನೆಯವರು ನೇಮಿಸಿದ ಅಧಿಕಾರಿಗಳು ಸಿಂಹಾಸನವನ್ನು ಒಡೆದು ತುಂಡುಮಾಡಿದರು. ಅನೇಕ ವಸ್ತುಗಳನ್ನು ಅಲ್ಲಿಯೇ ಲಿಲಾವು ಹಾಕಿದರು. ಸಿಂಹಾಸನದ ಸುತ್ತಲಿದ್ದ ಚಿನ್ನದ ಹುಲಿತಲೆಗಳಲ್ಲೊಂದು 2009ರಲ್ಲಿ ಲಂಡನ್ನಿನಲ್ಲಿ 3,89,600 ಪೌಂಡುಗಳಿಗೆ ಮಾರಾಟವಾಯಿತು. ಸುಲ್ತಾನನ ಶಯನಗೃಹದ ಕತ್ತಿಯು ಕೋಟೆಗೆ ಲಗ್ಗೆಹತ್ತಿದ ದಳದ ನಾಯಕನಾದ ಡೇವಿಡ್ ಬೇರ್ಡನಿಗೆ ಕಾಣಿಕೆಯಾಗಿ ಸಂದಿತ್ತು. ಅದನ್ನು 2023ರ ಮೇ 23ರಂದು ಬಾನಮ್ಸ್ ಸಂಸ್ಥೆಯವರು ಲಂಡನ್ನಿನಲ್ಲಿ ಕೂಗಿಸಿದರು. ಅಂದಾಜು 15 ಲಕ್ಷದಿಂದ 20 ಲಕ್ಷ ಪೌಂಡು. ಬಂದುದು 1 ಕೋಟಿ 40 ಲಕ್ಷ ಪೌಂಡಿಗೂ ಮಿಗಿಲು. ಅಂಥ ಉಕ್ಕಿನ ಕತ್ತಿಗಳು ಲೋಕದಲ್ಲಿ ಬೇಕಾದಷ್ಟಿವೆ. ಈ ಒಂದು ಕತ್ತಿ ಎಲ್ಲಿ, ಯಾವ ದಿನ, ಯಾರ ಕೈಸೇರಿತೆಂಬುದಕ್ಕೆ ಬರೆಹವಿದ್ದಿತು. ಸೂರೆಮಾಡಿದವರು ಸೂರೆಯ ಲೆಕ್ಕವನ್ನು ಚೊಕ್ಕಟವಾಗಿ ಇಟ್ಟಿದ್ದರು. ಆ ಲೆಕ್ಕವೇ ಇನ್ನೂರು ವರ್ಷಗಳ ಮೇಲೆ ಹಣವಾಯಿತು! ಇದನ್ನು ಓದಿದಾಗ ನಗಬೇಕೋ ಅಳಬೇಕೋ ತಿಳಿಯದು.

ಇನ್ನು ನಮ್ಮ ಪ್ರಾಂತದ ಕಲ್ಲಿನ ಮಾತಿಗೆ ಬರೋಣ. ಐಹೊಳೆಯ ಹುಚ್ಚಪ್ಪಯ್ಯನ ಗುಡಿಗೆ ಸೇರಿದ್ದ ಛತ್ತಿನ ಮೂರು ಶಿಲಾಫಲಕಗಳು, ಬ್ರಹ್ಮ, ವಿಷ್ಣು, ಶಿವರನ್ನು ಬಿಡಿಸಿದಂಥವು, ಇಂದು ಮುಂಬಯಿಯಲ್ಲಿ ಹಿಂದೆ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಜಿಯಂ ಎಂದು ಹೆಸರಾಗಿದ್ದ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯದಲ್ಲಿವೆ. ಚಾಲುಕ್ಯ ಶಿಲ್ಪದ ಪರಮೋತ್ಕೃಷ್ಟ ಕೃತಿಗಳವು. ಅವುಗಳ ಮುಂದೆ ನಿಂತವನಿಗೆ ಒಂದು ತೊಂದರೆಯುಂಟಾಗುತ್ತದೆ. ತಲೆಯೆತ್ತಿ ನೋಡುವುದಕ್ಕೆಂದು ಮಾಡಿದುದನ್ನು ಅವನು ಎದುರಿಗೆ ನಿಂತು ನೋಡುತ್ತಾನೆ. ಶಿಲ್ಪಿಯು ಕೆಳಗಿನಿಂದ ಮೇಲಕ್ಕೆ ಹೋಗುವ ಕಣ್ಣಿಗೆ ತಕ್ಕಂತೆ ಮೈಗಳನ್ನು ಹೊರಳಿಸಿದ್ದನು. ಗುಡಿಯ ಒಳಗಿನ ಮಬ್ಬು ಬೆಳಕನ್ನು ನೆನಪಿನಲ್ಲಿಟ್ಟುಕೊಂಡು ಉಳಿಯ ಆಳವನ್ನು ಗೊತ್ತುಮಾಡಿದ್ದನು. ಆದರೂ ಅಲ್ಲಿ ಒಂದು ಸಮಾಧಾನವಿದೆ. ಯಾವ ಊರು, ಯಾವ ಗುಡಿ ಎಂಬುದು ಬರೆದಿದೆ. ಮನಸ್ಸಿದ್ದವನು ಐಹೊಳೆಗೆ ಬಂದು, ಗುಡಿಯೊಳಗೆ ನಿಂತು, ಅವುಗಳನ್ನು ಮನಸ್ಸಿನಲ್ಲಿಯೇ ಮೇಲೇರಿಸಿಕೊಳ್ಳಬಹುದು.

ಬಾದಾಮಿಯ ಸಂಗ್ರಹಾಲಯದಲ್ಲಿರುವ ಲಜ್ಜಾಗೌರಿಯು ನಾಗನಾಥಕೊಳ್ಳದಿಂದ ಬಂದುದು. ಅದು ಹೆಚ್ಚು ದೂರ ಹೋಗಲಿಲ್ಲ. ಮಹಾಕೂಟದ ಕಂಬವಾದರೋ ವಿಜಾಪುರವನ್ನು ಸೇರಿ, ಗೋಲಗುಮ್ಮಟದ ಎದುರಿನ ಸಂಗ್ರಹಾಲಯದಲ್ಲಿದೆ. ಮಂಗಲೇಶನ ಕಾಲದ, ಕ್ರಿ.ಶ. 602ರದೆಂದು ವಿದ್ವಾಂಸರು ಗಣಿಸಿರುವ ಶಾಸನ ಅದರ ಮೇಲಿದೆ. ಆ ಕಂಬವನ್ನು ಯಾವ ದೇಶಕ್ಕೆ ಒಯ್ದರೂ ನಾನು ಮಕುಟೇಶ್ವರನಾಥನ ಸನ್ನಿಧಿಯದೆಂದು ಅದು ತಾನೇ ಬಾಯಿಬಿಟ್ಟು ಹೇಳುತ್ತದೆ. ಹೀಗೆ ಬಾಯುಳ್ಳ ಕಲ್ಲುಗಳು ಕೆಲವೇ. ಮೈಮೇಲೆ ಅಕ್ಷರವಿಲ್ಲದ ಒಂದು ಅಪ್ಸರೆಯನ್ನು ಗೋಡೆಯಿಂದ ಎಬ್ಬಿಸಿ ಒಯ್ದರೆ, ಪಟ್ಟಿಯಲ್ಲಿ ಬೀಳುವುದು ಮೂರೇ ಮಾತು: ದಖ್ಖಣ, ಏಳನೆಯ ಶತಮಾನ, ಮರಳುಗಲ್ಲು. ಊರಿಲ್ಲ, ಗುಡಿಯಿಲ್ಲ, ಬಲಗಡೆ ಯಾರಿದ್ದರು ಎಡಗಡೆ ಯಾರಿದ್ದರು ಎಂಬುದಿಲ್ಲ. ವಿಗ್ರಹ ಉಳಿಯಿತು, ವಾಕ್ಯ ಹೋಯಿತು.

ಕಲ್ಲಿಗಿಂತ ಬೇಗ ಕೈಬದಲಾಯಿಸುವುದು ನಾಣ್ಯ. ನಮ್ಮ ಕಾಲೇಜಿನ ಹುಡುಗನೊಬ್ಬನು ಕರವಸ್ತ್ರದ ತುದಿಗೆ ಕಟ್ಟಿಕೊಂಡು ಒಂದು ಬೆಳ್ಳಿಯ ರೂಪಾಯಿಯನ್ನು ನನ್ನ ಬಳಿಗೆ ತಂದನು. ದಪ್ಪನಾದ, ಅಂಚು ಸರಿಯಿಲ್ಲದ ಬಿಲ್ಲೆ. ಇದಕ್ಕೆ ಎಷ್ಟು ಸಿಕ್ಕೀತು ಎಂಬುದು ಅವನ ಮೊದಲನೆಯ ಪ್ರಶ್ನೆ. ಎಲ್ಲಿ ಸಿಕ್ಕಿತು ಎಂಬುದು ನನ್ನದು. ಅಜ್ಜಿಯ ಪೆಟ್ಟಿಗೆಯಲ್ಲಿತ್ತು ಎಂದನು. ಅಜ್ಜಿಗೆ ಎಲ್ಲಿಂದ ಬಂದಿತು ಎಂಬುದನ್ನು ಅವನು ಕೇಳಿರಲಿಲ್ಲ. ಅಜ್ಜಿಯು ಇನ್ನೂ ಇದ್ದಾರೆಂದು ತಿಳಿದು, ಹೋಗಿ ಕೇಳು ಎಂದು ಕಳುಹಿಸಿದೆನು. ತವರುಮನೆಯಿಂದ, ಮದುವೆಯಲ್ಲಿ, ಬಾಗಲಕೋಟೆಯ ಪೇಟೆಯ ಮನೆಯಿಂದ ಬಂದುದೆಂದು ಮರುದಿನ ಬರೆದುಕೊಂಡು ಬಂದನು.

ಇಷ್ಟಕ್ಕೇ ಏಕೆ ಒತ್ತಾಯವೆಂದು ಕೇಳಬಹುದು. ಪೇಶವೆಯರ ಕಾಲದಲ್ಲಿ ಈ ಸೀಮೆಯು ರಾಸ್ತೆ ಮನೆತನದ ಸರದಾರರ ಆಡಳಿತದಲ್ಲಿದ್ದು, ಬಾಗಲಕೋಟೆಯಲ್ಲಿ ಒಂದು ಟಂಕಸಾಲೆ ನಡೆಯುತ್ತಿತ್ತು. ಅಲ್ಲಿಯ ರೂಪಾಯಿಗೆ ಮಲ್ಹಾರರಾವ ರಾಸ್ತೆಯ ಹೆಸರಿನಿಂದ ಮಲ್ಹಾರಶಾಹಿ ಎಂದು ಕರೆಯುತ್ತಾರೆ. ಊರು ಕನ್ನಡದ್ದು, ಸರದಾರನು ಮರಾಠನು, ಲಿಪಿ ಪಾರಸಿ, ಹೆಸರು ದಿಲ್ಲಿಯ ಬಾದಶಹನದು. ಹದಿನೆಂಟನೆಯ ಶತಮಾನದ ದಖ್ಖಣದ ಇತಿಹಾಸವೆಲ್ಲ ಒಂದು ತೊಲೆಯ ತೂಕದೊಳಗೆ ಅಡಗಿದಂತೆ! ಆದರೆ ಆ ಕಾಲದ ಅಚ್ಚು ಬಿಲ್ಲೆಗಿಂತ ಅಗಲವಾಗಿರುತ್ತಿತ್ತು. ಆದುದರಿಂದ ಅಕ್ಷರಗಳಲ್ಲಿ ಅರ್ಧವೇ ಲೋಹದ ಮೇಲೆ ಬೀಳುವುದು. ಟಂಕಸಾಲೆಯ ಹೆಸರು ಅನೇಕ ವೇಳೆ ಹೊರಗೇ ಉಳಿದುಬಿಡುವುದು. ಅಂಥ ರೂಪಾಯಿಯು ಎಲ್ಲಿಯದೆಂದು ನಿಶ್ಚಯಿಸುವುದಕ್ಕೆ ಅದು ದೊರೆತ ಮನೆಯ ವಿಳಾಸವೂ ಒಂದು ಸಾಕ್ಷಿಯಾಗುತ್ತದೆ. ಪೆಟ್ಟಿಗೆಯಿಂದ ಅಂಗಡಿಗೆ, ಅಂಗಡಿಯಿಂದ ಬೆಂಗಳೂರಿಗೆ, ಅಲ್ಲಿಂದ ಪಟ್ಟಿಯ ಒಂದು ಸಂಖ್ಯೆಗೆ ಹೋದ ಮೇಲೆ ಆ ಸಾಕ್ಷಿಯನ್ನು ಯಾರೂ ಕರೆಯಲಾರರು.

ನೆಲದಲ್ಲಿ ಹೂತ ಕುಡಿಕೆ ದೊರೆತಾಗ ನಷ್ಟ ಇನ್ನೂ ಹೆಚ್ಚಿನದು. ಕುಡಿಕೆಯಲ್ಲಿರುವ ನಾಣ್ಯಗಳಲ್ಲಿ ಎಲ್ಲಕ್ಕೂ ಹೊಸದಾದುದು ಯಾವುದೆಂದು ಕಂಡರೆ, ಅದನ್ನು ಹೂತ ಕಾಲ ಅದಕ್ಕಿಂತ ಹಿಂದಿನದಲ್ಲವೆಂದು ಹೇಳಬಹುದು. ದೂರದ ರಾಜ್ಯಗಳ ನಾಣ್ಯ ಎಷ್ಟಿವೆ ಎಂದು ಎಣಿಸಿದರೆ ವ್ಯಾಪಾರದ ಹಾದಿ ಕಾಣುತ್ತದೆ. ಯಾವುವು ಸವೆದಿವೆ, ಯಾವುವು ಹೊಸತಾಗಿವೆ ಎಂಬುದರಿಂದ ಚಲಾವಣೆ ತಿಳಿಯುತ್ತದೆ. ಕುಡಿಕೆಯನ್ನು ನಾಲ್ಕು ಮಂದಿ ಹಂಚಿಕೊಂಡರೆ ಇದೆಲ್ಲವೂ ಆ ಕ್ಷಣವೇ ಅಳಿಯಿತು. ಅಕ್ಕಸಾಲೆಯ ಮೂಸೆಗೆ ಹೋದರಂತೂ ಲೋಹ ಮಾತ್ರ ಉಳಿಯಿತು. ನಿಧಿ ದೊರೆತರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ಕಾನೂನು 1878ರಿಂದ ಈ ದೇಶದಲ್ಲಿದೆ. ಕರ್ನಾಟಕದ್ದೇ ಆದ ಕಾಯಿದೆ 1962ರದು. ಸರಕಾರ ಕಸಿದುಕೊಳ್ಳುತ್ತದೆಂಬ ಭಯದಿಂದ ಜನರು ಮುಚ್ಚಿಡುತ್ತಾರೆ. ದೊರೆತುದನ್ನು ತಿಳಿಸಿದವನಿಗೆ ಕಾನೂನು ಪಾಲು ಕಲ್ಪಿಸಿದೆ ಎಂಬುದು ಹಳ್ಳಿಗಳವರೆಗೆ ತಲಪಿಲ್ಲ. ತಲಪಿಸಬೇಕಾದವರು ತಲಪಿಸಿಲ್ಲವೆಂದರೂ ತಪ್ಪಾಗದು.

ಸಂದರ್ಭ ಬಂದುದರಿಂದ ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ರಾಮ, ಸೀತೆ, ಲಕ್ಷ್ಮಣ, ಹನುಮಂತರ ಚಿತ್ರವೊಂದು ಕಡೆ, ಈಸ್ಟ್ ಇಂಡಿಯಾ ಕಂಪನಿ 1818 ಎಂದು ಇನ್ನೊಂದು ಕಡೆ ಇರುವ ನಾಣ್ಯಗಳನ್ನು ಅಪೂರ್ವವೆಂದು ಹೇಳಿ ಸಂತೆಗಳಲ್ಲಿ ಮಾರುತ್ತಾರೆ. ಕಂಪನಿಯು ಅಂಥ ನಾಣ್ಯವನ್ನು ಎಂದೂ ಅಚ್ಚುಹಾಕಲಿಲ್ಲ. ಅಕ್ಕಿಯನ್ನು ತನ್ನತ್ತ ಸೆಳೆಯುವ ತಾಮ್ರದ ಚೆಂಬಿಗೆ ಕೋಟಿ ರೂಪಾಯಿ ಬರುತ್ತದೆಂಬ ಮಾತನ್ನು ನಂಬಿ ಹೊಲ ಮಾರಿಕೊಂಡವರೂ ಇದ್ದಾರೆ. ಬೆಲೆಯ ಮಾತು ಮಾತ್ರ ಕಿವಿಗೆ ಬಿದ್ದು, ವಸ್ತುವಿನ ಮಾತು ಬೀಳದೆಹೋದಾಗ ಹೀಗಾಗುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಮರುಕ ಬರಿಸುವುದು ಬಟ್ಟೆ. ಇಳಕಲ್ಲಿನ ಸೀರೆಯ ಮೈಯನ್ನೂ ಸೆರಗನ್ನೂ ಬೇರೆಬೇರೆ ಹಾಸುಗಳಲ್ಲಿ ಹೂಡಿ, ಎರಡರ ಎಳೆಗಳನ್ನು ಕೊಂಡಿಕೊಂಡಿಯಾಗಿ ತೊಡಿಸಿ ನೇಯುತ್ತಾರೆ. ಆ ಜೋಡಣೆಯೇ ಅದರ ಗುರುತು. ಕೆಂಪುರೇಷ್ಮೆಯ ಟೋಪುತೆನೆಯ ಸೆರಗು, ದಡಿಯಲ್ಲಿ ಚಿಕ್ಕಿಯೋ ಗೋಮಿಯೋ, ಮೈಮೇಲೆ ಕಸೂತಿಯ ಗೋಪುರ, ತೇರು, ತೊಟ್ಟಿಲು, ತುಳಸೀಕಟ್ಟೆ. ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ಹೊಲಿಗೆಗಳಿಂದ ಗಂಟಿಲ್ಲದಂತೆ, ಎಳೆಯೆಣಿಸಿ ತೆಗೆದ ಈ ಕೆಲಸಕ್ಕೆ ಮಾಡಿದವಳ ಹೆಸರು ಎಲ್ಲಿಯೂ ಇರುವುದಿಲ್ಲ. ಮನೆಯ ಹಿರಿಯಳಿಗೆ ಗೊತ್ತು: ಇದು ನಮ್ಮ ಅತ್ತೆ ತನ್ನ ಮಗಳ ಸೀಮಂತಕ್ಕೆ ಹೊಲಿದುದು, ಆ ವರ್ಷ ಬರವಿತ್ತು, ರೇಷ್ಮೆ ಸಾಲದೆ ಕೊನೆಯ ತೇರು ಅರ್ಧಕ್ಕೆ ನಿಂತಿತು ಎಂದು. ಹಿರಿಯಳು ಹೋದಳೆಂದರೆ, ಹಳೆಯ ಜರಿಗೆ ಪಾತ್ರೆ ಕೊಡುವವನು ಬಾಗಿಲಿಗೆ ಬರುತ್ತಾನೆ. ಜರಿಯ ಸೀರೆಯಾದರೆ ಸುಟ್ಟು ಬೆಳ್ಳಿ ತೆಗೆಯುತ್ತಾನೆ. ಕಸೂತಿಯದಾದರೆ ಈಚೆಗೆ ಸುಡುವುದಿಲ್ಲ, ಅದಕ್ಕೆ ಪಟ್ಟಣದಲ್ಲಿ ಗಿರಾಕಿಗಳಿರುವುದನ್ನು ಅವನು ಬಲ್ಲನು. ಮನೆಯವರಿಗೆ ಒಂದು ಉಕ್ಕಿನ ಕೊಳಗ ದೊರೆಯುತ್ತದೆ. ಅರ್ಧಕ್ಕೆ ನಿಂತ ತೇರು ಪಟ್ಟಿಯಲ್ಲಿ ಒಂದು ದೋಷವೆಂದು ನಮೂದಾಗುತ್ತದೆ.

ಕಟ್ಟಿಗೆಯ ಕಥೆಯೂ ಇದೇ. ಆಲಮಟ್ಟಿಯ ಅಣೆಕಟ್ಟಿನ ಹಿನ್ನೀರು ಹಳೆಯ ಬಾಗಲಕೋಟೆಯ ಬಹುಭಾಗವನ್ನು ಆವರಿಸುವಂತಾದಾಗ ಜನರು ನವನಗರಕ್ಕೆ ಸಾಗಿದರು. ತಲೆತಲಾಂತರದ ಮನೆಗಳ ತೊಲೆ, ಕಂಬ, ಬಾಗಿಲುಗಳನ್ನು ಬಿಚ್ಚಿಕೊಂಡರು. ಹೊಸ ಮನೆಗೆ ಹೊಂದದ ಬಾಗಿಲುವಾಡಗಳು ಮಾರಾಟಕ್ಕೆ ಹೋದವು. ಊರೇ ಮುಳುಗುವಾಗ ಬಾಗಿಲಿನ ಮಾತು ದೊಡ್ಡದಲ್ಲ, ಒಪ್ಪುತ್ತೇನೆ. ಆದರೆ ಆ ಹೊಸ್ತಿಲಿದ್ದ ಓಣಿ ಈಗ ನೀರಿನಲ್ಲಿರುವುದರಿಂದ, ಬಾಗಿಲ ಮೇಲೊಂದು ಓಣಿಯ ಹೆಸರಿದ್ದಿದ್ದರೆ ಅದು ಮರದ ತುಂಡಾಗದೆ ದಾಖಲೆಯಾಗುತ್ತಿತ್ತು.

ಹಾಗಾದರೆ ಮಾರುವುದೇ ತಪ್ಪೆ? ಹಾಗೆ ಹೇಳಲು ನಮ್ಮ ಸೀಮೆಯು ತಕ್ಕ ಸ್ಥಳವಲ್ಲ. ಐಹೊಳೆಯೆಂದರೆ ಅಯ್ಯಾವೊಳೆ, ಅಯ್ಯಾವೊಳೆ ಐನೂರ್ವರೆಂಬ ವರ್ತಕರ ಮಹಾಸಂಘಕ್ಕೆ ಹೆಸರು ಕೊಟ್ಟ ಊರು. ಕಡಲಾಚೆ ಸುಮಾತ್ರಾದ್ವೀಪದ ಬಾರೂಸಿನಲ್ಲಿ 1088ರ ತಮಿಳು ಶಾಸನವೊಂದು ಐನೂರ್ವರನ್ನು ಹೆಸರಿಸುತ್ತದೆ. ಮಾರುವುದರಲ್ಲಿ ನಾಚುವಂಥದೇನೂ ಇಲ್ಲ; ಬಡತನದಲ್ಲಿ ಅಜ್ಜಿಯ ರೂಪಾಯಿಯನ್ನು ಮಾರಿ ಮಗನ ಶುಲ್ಕ ಕಟ್ಟಿದವನನ್ನು ನಾನು ಹಳಿಯಲಾರೆ. ಕಾನೂನೂ ಹಳಿಯುವುದಿಲ್ಲ. 1972ರಲ್ಲಿ ಆಗಿ 1976ರ ಏಪ್ರಿಲ್ 5ರಿಂದ ಜಾರಿಗೆ ಬಂದ ಪುರಾತನ ವಸ್ತುಗಳ ಕಾಯಿದೆಯ ಮೇರೆಗೆ, ನೂರು ವರ್ಷಕ್ಕೆ ಮೇಲ್ಪಟ್ಟ ವಸ್ತುವೂ, ಎಪ್ಪತ್ತೈದು ವರ್ಷ ದಾಟಿದ ಬೆಲೆಯುಳ್ಳ ಹಸ್ತಪ್ರತಿಯೂ ಪುರಾತನವಸ್ತುವೆನಿಸುತ್ತವೆ. ದೇಶದೊಳಗೆ ಅವನ್ನು ಇಟ್ಟುಕೊಳ್ಳಬಹುದು, ಕೊಡಬಹುದು. ಆದರೆ ವ್ಯಾಪಾರ ಮಾಡುವವನು ಪರವಾನಗಿ ಪಡೆಯಬೇಕು; ವಿಗ್ರಹ, ಚಿತ್ರ ಮುಂತಾದ ಕೆಲವು ಬಗೆಗಳನ್ನು ನೋಂದಾಯಿಸಬೇಕು; ಖಾಸಗಿಯವರು ಯಾರೂ ದೇಶದ ಹೊರಗೆ ಸಾಗಿಸಕೂಡದು. ಸಾಗಿಸಿದವನಿಗೆ ಆರು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆ.

ಕಾನೂನಿದ್ದೂ ವಸ್ತುಗಳು ಹೋಗುತ್ತಿರುವುದು ಏತರಿಂದ? ಹೋದುದನ್ನು ನಮ್ಮದೆಂದು ತೋರಿಸುವ ಬರೆಹ ನಮ್ಮಲ್ಲಿಲ್ಲದಿರುವುದರಿಂದ. ತಮಿಳುನಾಡಿನ ಶ್ರೀಪುರಂದಾನ್ ಗ್ರಾಮದ ಗುಡಿಯಿಂದ ಕಳುವಾದ ನಟರಾಜನನ್ನು ಆಸ್ಟ್ರೇಲಿಯದ ರಾಷ್ಟ್ರೀಯ ಚಿತ್ರಶಾಲೆಯವರು 2008ರಲ್ಲಿ 50 ಲಕ್ಷ ಡಾಲರು ಕೊಟ್ಟು ಕೊಂಡರು. ಮಾರಿದವನು ಹಳೆಯ ಖರೀದಿಯ ಕಾಗದಗಳನ್ನು ತೋರಿಸಿದ್ದನು. ಅವು ಸುಳ್ಳು ಕಾಗದಗಳು. ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯವರು ಹಿಂದೆಯೇ ಆ ಗುಡಿಯ ಮೂರ್ತಿಗಳ ಛಾಯಾಚಿತ್ರಗಳನ್ನು ತೆಗೆದು ಇಟ್ಟಿದ್ದರು. ಚಿತ್ರಕ್ಕೂ ಮೂರ್ತಿಗೂ ತಾಳೆಯಾಯಿತು. 2014ರ ಸೆಪ್ಟೆಂಬರಿನಲ್ಲಿ ನಟರಾಜನು ಭಾರತಕ್ಕೆ ಹಿಂದಿರುಗಿದನು. ಒಂದು ಛಾಯಾಚಿತ್ರದ ಬಲ ಅಷ್ಟು! ತೀರ ಈಚಿನದಾದ ಪಿಪ್ರಾಹ್ವಾದ ಪ್ರಕರಣವೂ ಹಾಗೆಯೇ. 1898ರಲ್ಲಿ ಬುದ್ಧನ ಅಸ್ಥಿಗಳೊಡನೆ ದೊರೆತ ರತ್ನಗಳನ್ನು 2025ರ ಮೇ ತಿಂಗಳಲ್ಲಿ ಹಾಂಗ್‌ಕಾಂಗಿನಲ್ಲಿ ಕೂಗಿಸಲು ಸಾಥಬೀಸ್ ಸಂಸ್ಥೆಯವರು ಗೊತ್ತುಮಾಡಿದ್ದರು. ಭಾರತ ಸರಕಾರ ನೋಟೀಸು ಕೊಟ್ಟು ತಡೆದುದರಿಂದ ಲಿಲಾವು ನಿಂತಿತು. ಜುಲೈ ಕೊನೆಯಲ್ಲಿ ರತ್ನಗಳು ಮರಳಿ ಬಂದವು. ಯಾವ ಸ್ತೂಪದಲ್ಲಿ ಯಾವ ಭರಣಿಗಳೊಡನೆ ದೊರೆತವೆಂಬುದು 1898ರಿಂದ ಅಚ್ಚಿನಲ್ಲಿದ್ದುದೇ ಇದಕ್ಕೆ ಆಧಾರ.

ಐಹೊಳೆ, ಪಟ್ಟದಕಲ್ಲು, ಬಾದಾಮಿಗಳ ದೊಡ್ಡ ಗುಡಿಗಳಿಗೆ ಇಂಥ ದಾಖಲೆಗಳು ತಕ್ಕಮಟ್ಟಿಗೆ ಇವೆ. ಇಲ್ಲದಿರುವುದು ಊರ ಹೊರಗಿನ ಹಾಳುಗುಡಿಗೆ, ಬೇವಿನ ಬುಡದ ವೀರಗಲ್ಲಿಗೆ, ಅಟ್ಟದ ಮೇಲಿನ ಪೆಟ್ಟಿಗೆಗೆ. ಆ ಕೆಲಸಕ್ಕೆ ವಿದ್ವಾಂಸರೇ ಬರಬೇಕಾಗಿಲ್ಲ. ಈಗ ಮನೆಮನೆಯಲ್ಲಿಯೂ ಛಾಯಾಚಿತ್ರ ತೆಗೆಯುವ ಯಂತ್ರವು ಜೇಬಿನಲ್ಲಿಯೇ ಇದೆ. ವಸ್ತುವನ್ನು ಬೆಳಕಿನಲ್ಲಿಟ್ಟು, ಪಕ್ಕದಲ್ಲಿ ಒಂದು ಅಳತೆಯ ಪಟ್ಟಿಯನ್ನಿಟ್ಟು, ಮುಂದೆ ಹಿಂದೆ ಎರಡೂ ಕಡೆ ಚಿತ್ರ ತೆಗೆಯತಕ್ಕದ್ದು. ಒಡೆದ ಮೂಲೆ, ಸವೆದ ಅಂಚು, ಹೊಲಿಗೆ ತಪ್ಪಿದ ಜಾಗ ಇವುಗಳನ್ನು ಬಿಡದೆ ತೆಗೆಯಬೇಕು. ಗುರುತು ಹತ್ತುವುದು ಅವುಗಳಿಂದಲೇ. ವೀರಗಲ್ಲಾದರೆ ಯಾವ ಹೊಲ, ಯಾವ ದಿಕ್ಕಿಗೆ ಮುಖ, ಯಾರ ಮನೆಯವರು ಪೂಜೆಮಾಡುತ್ತಾರೆ ಎಂದು ಬರೆಯಬೇಕು. ಸೀರೆಯಾದರೆ ಯಾರು ಹೊಲಿದುದು, ಯಾವ ಮದುವೆಗೆ ಎಂದು. ನಾಣ್ಯವಾದರೆ ಯಾವ ಮನೆಯಿಂದ ಯಾವ ಮನೆಗೆ ಬಂದಿತೆಂದು. ಹಿರಿಯರನ್ನು ಕೇಳುವ ಕೆಲಸ ಮೊದಲು ಆಗಬೇಕು, ಚಿತ್ರ ಆಮೇಲೆ ಆದರೂ ಆದೀತು. ಬರೆದುದಕ್ಕೆ ತಾರೀಖು ಹಾಕಿ, ಒಂದು ಪ್ರತಿಯನ್ನು ಹೊಲಮನೆಗಳ ಉತಾರಗಳಿರುವ ಕಟ್ಟಿನಲ್ಲಿಯೇ ಸೇರಿಸಿ, ಇನ್ನೊಂದನ್ನು ಊರ ಶಾಲೆಯ ಕಪಾಟಿನಲ್ಲಿ ಇರಿಸಬಹುದು.